ರಂಗೋಲಿ ಕೆಳಗೆ ತೂರುವ ಜಾಣ್ಮೆ



ಆನ್‌ಲೈನ್ ಆಟ ಎಂದರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವುದು ರಮ್ಮಿ, ಸಾಲ, ಅಡವಿಟ್ಟ ಒಡವೆ. ಇವತ್ತಿನ ವಿಷಯ ಅದಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ನಾನು ಮಾತಾಡುವುದು ಪಣವಿಲ್ಲದ ತಂತ್ರದಾಟಗಳ ಬಗ್ಗೆ. ಸ್ಟಾರ್‌ಕ್ರಾಫ್ಟ್, ಡೋಟಾ, ಈವ್ ಆನ್‌ಲೈನ್‌ನಂಥ ಆಟಗಳು. ನಿಮ್ಮ ಮನೆಯ ಮಕ್ಕಳಿಗೆ ಈ ಹೆಸರುಗಳು ಚೆನ್ನಾಗಿ ಗೊತ್ತು. ಗೊತ್ತಿಲ್ಲದವರು ಇಷ್ಟು ತಿಳಿದುಕೊಂಡರೆ ಸಾಕು: ಸೈನ್ಯ ಕಟ್ಟುವುದು, ಸಂಪತ್ತು ಕೂಡಿಸುವುದು, ಎದುರಾಳಿಯ ಮನಸ್ಸನ್ನು ಓದುವುದು, ಇವೆಲ್ಲ ಇಲ್ಲಿವೆ. ಚದುರಂಗದ ಬುದ್ಧಿಯೇ ಇಲ್ಲಿ ನೂರು ಪಟ್ಟು ವೇಗದಲ್ಲಿ ಓಡುತ್ತದೆ.

ಪ್ರಶ್ನೆ ಹೇಳುವುದಕ್ಕೆ ಸರಳ. ಆಟದ ನಿಯಮದಲ್ಲಿ ಒಂದು ಸಂದಿ ಉಳಿದಿದೆ. ಆಟ ರಚಿಸಿದವರ ಕಣ್ತಪ್ಪಿನಿಂದ ಉಳಿದದ್ದು. ಒಬ್ಬ ಆಟಗಾರನಿಗೆ ಅದು ಸಿಕ್ಕಿತು, ಅದರಲ್ಲಿ ನುಸುಳಿ ಗೆದ್ದ. ಅವನು ಯಾವ ಸಾಫ್ಟ್‌ವೇರನ್ನೂ ತಿದ್ದಿಲ್ಲ, ಯಾರ ಪಾಸ್‌ವರ್ಡನ್ನೂ ಕದ್ದಿಲ್ಲ. ಇದು ಗೆಲುವೋ, ಕಳ್ಳಾಟವೋ?

ಹುಡುಗರನ್ನು ಕೇಳಿದರೆ ಒಂದು ಉತ್ತರ ಥಟ್ಟನೆ ಬರುತ್ತದೆ: “ಗೇಮೇ ಬಿಡ್ತಲ್ಲ ಸರ್, ಮತ್ತೇನು ತಪ್ಪು?” ದೊಡ್ಡವರನ್ನು ಕೇಳಿದರೆ ಇನ್ನೊಂದು ಉತ್ತರ ಅಷ್ಟೇ ಬೇಗ ಬರುತ್ತದೆ: ಆಟ ಮಾಡಿದವರ ಉದ್ದೇಶ ಅದಲ್ಲ, ಆದ್ದರಿಂದ ಅದು ಮೋಸ. ಈ ಎರಡು ಉತ್ತರಗಳನ್ನೂ ಒಪ್ಪಲು ನನಗೆ ಸಾಧ್ಯವಾಗಿಲ್ಲ. ಯಾಕೆ ಎಂದು ಹೇಳುವುದೇ ಈ ಉಪನ್ಯಾಸದ ಕೆಲಸ.

ಮೊದಲನೆಯ ಉತ್ತರವನ್ನು ನೋಡೋಣ. ಚೌಕಾಬಾರ ಆಡಿದವರಿಗೆ ಗೊತ್ತು, ಕವಡೆ ಎಸೆಯುವ ಮೊದಲೇ ಒಂದು ಮಾತು ಇತ್ಯರ್ಥವಾಗಬೇಕು: ಎದುರಾಳಿಯ ಕಾಯಿ ಕಡಿಯದೆ ಒಳಮನೆಗೆ ಹೋಗಬಹುದೋ, ಇಲ್ಲವೋ. ಒಂದು ಮನೆಯಲ್ಲಿ ಹೋಗಬಹುದು, ಪಕ್ಕದ ಮನೆಯಲ್ಲಿ ಆಗದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಗಳು ಯಾರನ್ನೂ ತಡೆಯುವುದಿಲ್ಲ. ನಿಯಮ ಇರುವುದು ಸುತ್ತ ಕೂತವರ ಒಪ್ಪಿಗೆಯಲ್ಲಿ. ಜಗಳ ಬಂದರೆ ಆಟ ನಿಲ್ಲುತ್ತದೆ, ಮಾತು ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ.

ಕಂಪ್ಯೂಟರ್ ಆಟದಲ್ಲಿ ಈ ಒಪ್ಪಿಗೆಯ ಹೆಚ್ಚಿನ ಭಾಗ ಕೋಡ್‌ನೊಳಗೆ ಹೋಗಿ ಕೂತಿದೆ. ಅಲ್ಲಿ ಕುದುರೆಯನ್ನು ಆನೆಯಂತೆ ನಡೆಸಲು ಪ್ರಯತ್ನಿಸಿದರೂ ಆಗದು, ಯಂತ್ರವೇ ಒಪ್ಪುವುದಿಲ್ಲ. ಇದರಿಂದ ಆಡುವವರ ಮನಸ್ಸಿನಲ್ಲಿ ಒಂದು ತಪ್ಪು ತರ್ಕ ತಾನಾಗಿ ಬೆಳೆಯುತ್ತದೆ. ಯಂತ್ರ ಬಿಡದಿದ್ದದ್ದು ನಿಷಿದ್ಧವಾದರೆ, ಯಂತ್ರ ಬಿಟ್ಟದ್ದೆಲ್ಲ ನ್ಯಾಯ ಎಂಬ ತರ್ಕ. ಆದರೆ ಕೋಡ್ ಎನ್ನುವುದು ಯಾರೋ ಕೆಲವರು ಗಡುವಿನ ಒತ್ತಡದಲ್ಲಿ ಕೂತು ಬರೆದದ್ದು. ಅವರಿಗೆ ಹೊಳೆದದ್ದು ಅದರಲ್ಲಿದೆ, ಹೊಳೆಯದೇ ಹೋದದ್ದೂ ಅದರಲ್ಲೇ ಇದೆ. ಬಾಗಿಲಿಗೆ ಚಿಲಕ ಇಲ್ಲ ಎಂದ ಮಾತ್ರಕ್ಕೆ ಒಳಗೆ ಬನ್ನಿ ಎಂದು ಕರೆದಂತಾಗುವುದಿಲ್ಲ. ಧರ್ಮರಾಯ ದ್ರೋಣರ ಮುಂದೆ ಅಶ್ವತ್ಥಾಮ ಸತ್ತ ಎಂದು ಹೇಳಿ, ಅದು ಆನೆ ಎಂಬುದನ್ನು ಕೇಳಿಸದಂತೆ ಉಸುರಿದ. ಅಕ್ಷರಕ್ಕೆ ಅಕ್ಷರ ನಿಜ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದೇ ನೆಲಕ್ಕೆ ತಾಗಿತು. ಮಾತಿನ ಸಂದಿಯಲ್ಲಿ ನುಸುಳುವುದನ್ನು ನಮ್ಮ ಜನ ಯಾವತ್ತೂ ಸತ್ಯ ಎಂದು ಒಪ್ಪಿಲ್ಲ.

ಹಾಗಾದರೆ ಎರಡನೆಯ ಉತ್ತರ ಸರಿಯೇ? ರಚಿಸಿದವರ ಉದ್ದೇಶವೇ ಕೊನೆಯ ಮಾತೇ? ಇಲ್ಲಿ ನಾನು ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಈ ಉತ್ತರ ಕೇಳಲು ಸಭ್ಯವಾಗಿದೆ.

1998ರಲ್ಲಿ ಸ್ಟಾರ್‌ಕ್ರಾಫ್ಟ್ ಮತ್ತು ಅದರ ವಿಸ್ತರಣೆಯಾದ ಬ್ರೂಡ್ ವಾರ್ ಬಂದವು. ದಕ್ಷಿಣ ಕೊರಿಯಾದಲ್ಲಿ ಅದು ಟೆಲಿವಿಷನ್ ಚಾನೆಲ್‌ಗಳಲ್ಲಿ ಪ್ರಸಾರವಾಗುವ, ಸಂಬಳದ ಆಟಗಾರರಿರುವ ಕ್ರೀಡೆಯಾಗಿ ಬೆಳೆಯಿತು. ಅದರಲ್ಲಿ ಮ್ಯೂಟಲಿಸ್ಕ್ ಎಂಬ ಹಾರುವ ಜೀವಿಗಳಿವೆ. ಸುಮ್ಮನೆ ಬಿಟ್ಟರೆ ಅವು ಒಂದರಿಂದ ಒಂದು ದೂರ ಸರಿದು ಹರಡಿಕೊಳ್ಳುತ್ತವೆ. ಒಮ್ಮೆಗೆ ಆಯ್ದುಕೊಳ್ಳಲು ಆಗುವುದು ಹನ್ನೆರಡು ಘಟಕಗಳನ್ನು ಮಾತ್ರ. ಗುಂಪಿನ ಸದಸ್ಯರು ಹತ್ತಿರ ಹತ್ತಿರ ಇದ್ದರೆ ಸಾಲು ಕೆಡಿಸದೆ ಸಾಗುತ್ತಾರೆ. ಒಬ್ಬ ಸದಸ್ಯ ಬಹಳ ದೂರದಲ್ಲಿದ್ದರೆ ಎಲ್ಲರೂ ಗುರಿಯ ಒಂದೇ ಬಿಂದುವಿಗೆ ನುಗ್ಗುತ್ತಾರೆ. ಆಟಗಾರರು ಇದನ್ನು ಕಂಡುಕೊಂಡರು. ಹನ್ನೊಂದು ಮ್ಯೂಟಲಿಸ್ಕ್‌ಗಳ ಜೊತೆಗೆ ಭೂಪಟದ ದೂರದ ಮೂಲೆಯಲ್ಲಿ ತೇಲುತ್ತಿರುವ, ಓವರ್‌ಲಾರ್ಡ್ ಎಂಬ ಒಂದು ಘಟಕವನ್ನು ಸೇರಿಸಿ ಒಂದೇ ಗುಂಪು ಮಾಡಿದರು. ಹನ್ನೊಂದೂ ಒಂದರ ಮೇಲೊಂದು ಕೂತು ಪರದೆಯ ಮೇಲೆ ಒಂದೇ ಜೀವಿಯಂತೆ ಕಾಣತೊಡಗಿದವು. ಎದುರಾಳಿಗೆ ಗಾಯಗೊಂಡದ್ದನ್ನು ಆರಿಸಿ ಹೊಡೆಯಲು ದಾರಿಯಿಲ್ಲ. ಬಂದು, ಹನ್ನೊಂದು ಹೊಡೆತವನ್ನು ಒಂದೇ ಗಳಿಗೆಯಲ್ಲಿ ಬಿಟ್ಟು, ತಿರುಗಿ ಹೋಗುವುದು. ಬೆರಳು ಒಂದು ಕ್ಷಣ ತಡವಾದರೆ ಇಡೀ ಗುಂಪೇ ಹೋಗುತ್ತದೆ.

ಆಟ ರಚಿಸಿದವರ ಯೋಜನೆಯಲ್ಲಿ ಇದು ಇರಲಿಲ್ಲ. ಗುಂಪಿನ ಚಲನೆಯ ಲೆಕ್ಕದಲ್ಲಿ ಉಳಿದ ಒಂದು ಸಂದಿ, ಅಷ್ಟೆ. ಉದ್ದೇಶವೇ ಅಳತೆಗೋಲಾಗಿದ್ದರೆ ಇದನ್ನು ನಿಷೇಧಿಸಬೇಕಿತ್ತು. ಆದರೆ ಏನಾಯಿತು? ಎದುರು ಪಾಳಯದವರು ಉತ್ತರ ಹುಡುಕಿದರು. ಕಾವಲು ಗೋಪುರಗಳನ್ನು ಎಲ್ಲಿ ನೆಡಬೇಕು ಎಂಬ ಲೆಕ್ಕವೇ ಬದಲಾಯಿತು. ಸುತ್ತಲಿನ ಜೀವಿಗಳಿಗೂ ವಿಕಿರಣ ತಗಲಿಸುವ ಆಯುಧ ಆ ಆಟದಲ್ಲಿ ಮೊದಲಿನಿಂದಲೂ ಇತ್ತು. ಒಂದರ ಮೇಲೊಂದು ಕೂತ ಹನ್ನೊಂದಕ್ಕೂ ಅದು ಒಟ್ಟಿಗೆ ತಗಲುತ್ತದೆ ಎಂದು ಗೊತ್ತಾಯಿತು. ದಾಳಿಯ ಬಲವೇ ಅದರ ದೌರ್ಬಲ್ಯವಾಯಿತು. ಇಂದು ಆ ಆಟವನ್ನು ಬಲ್ಲ ಯಾರೂ ಇದನ್ನು ಮೋಸ ಎನ್ನುವುದಿಲ್ಲ, ವಿದ್ಯೆ ಎನ್ನುತ್ತಾರೆ. ವರ್ಷಗಟ್ಟಲೆ ಕೂತು ಕಲಿಯುವ ವಿದ್ಯೆ. ಏಜ್ ಆಫ್ ಎಂಪೈರ್ಸ್‌ನ ಎರಡನೇ ಆಟದಲ್ಲಿಯೂ ಹೀಗೇ. ದಾರಿ ನೋಡಲೆಂದು ಕೊಟ್ಟ ಕುದುರೆ ಸವಾರನಿಂದ ಜಿಂಕೆಗಳನ್ನು ಬೆದರಿಸಿ ಊರಿನ ತನಕ ಓಡಿಸಿಕೊಂಡು ಬರುವ ಕಲೆಯನ್ನು ಆಟಗಾರರೇ ಹುಟ್ಟಿಸಿದರು. ರಚಿಸಿದವರು ಆಟವನ್ನು ಹೆರುತ್ತಾರೆ, ಬೆಳೆಸುವವರು ಆಡುವವರು. ಅವರ ಉದ್ದೇಶಕ್ಕೆ ಗೌರವ ಕೊಡೋಣ, ಆದರೆ ತೀರ್ಪಿನ ಅಧಿಕಾರವನ್ನು ಪೂರ್ತಿಯಾಗಿ ಅದಕ್ಕೆ ಒಪ್ಪಿಸುವುದು ಬೇಡ.

ನನ್ನ ನಿಲುವು ಇದು. ಆಟದಲ್ಲಿ ನಡೆಯನ್ನು ಮುಚ್ಚಿಡಬಹುದು, ನಿಯಮವನ್ನು ಮುಚ್ಚಿಡುವಂತಿಲ್ಲ. ಎದುರಾಳಿಗೆ ನೀವು ಮುಂದೆ ಏನು ಮಾಡುತ್ತೀರಿ ಎಂದು ಗೊತ್ತಿರಬೇಕಿಲ್ಲ. ಆದರೆ ಏನೇನು ಮಾಡಲು ಸಾಧ್ಯ ಎಂಬುದು ಇಬ್ಬರಿಗೂ ಸಮಾನವಾಗಿ ತೆರೆದಿರಬೇಕು. ಸಂದಿ ಒಬ್ಬನಿಗೆ ಮಾತ್ರ ಗೊತ್ತಿದ್ದು, ಇನ್ನೊಬ್ಬನಿಗೆ ತಿಳಿಯದಿರುವುದರಿಂದಲೇ ಅದಕ್ಕೆ ಬೆಲೆ ಬಂದಿದ್ದರೆ, ಅಲ್ಲಿ ಇಬ್ಬರು ಒಂದೇ ಆಟ ಆಡುತ್ತಿಲ್ಲ.

ಇದನ್ನು ಒರೆಗೆ ಹಚ್ಚಲು ಈವ್ ಆನ್‌ಲೈನ್‌ಗಿಂತ ಒಳ್ಳೆಯ ಕಲ್ಲಿಲ್ಲ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿರುವ ಸಿಸಿಪಿ ಎಂಬ ಸಂಸ್ಥೆ 2003ರಲ್ಲಿ ಹೊರತಂದ ಆಟ. ಸಾವಿರಾರು ನಕ್ಷತ್ರಮಂಡಲಗಳಿರುವ ಒಂದೇ ಲೋಕ. ಅದರಲ್ಲಿ ಗಣಿ, ಕಾರ್ಖಾನೆ, ಮಾರುಕಟ್ಟೆ, ಸಾಮ್ರಾಜ್ಯ ಎಲ್ಲವನ್ನೂ ಆಟಗಾರರೇ ನಡೆಸುತ್ತಾರೆ. ಅಲ್ಲಿ ದರೋಡೆ ನ್ಯಾಯ, ಬೇಹುಗಾರಿಕೆ ನ್ಯಾಯ, ನಂಬಿಸಿ ಕೈಕೊಡುವುದೂ ನ್ಯಾಯ. ಹೊರಗಿನವರಿಗೆ ಇದು ಅಸಹ್ಯ ಎನಿಸಬಹುದು. ಆದರೆ ಆ ಲೋಕಕ್ಕೆ ಕಾಲಿಡುವ ಪ್ರತಿಯೊಬ್ಬರಿಗೂ ಇದು ಮೊದಲೇ ಗೊತ್ತು.

2009ರ ಫೆಬ್ರುವರಿಯಲ್ಲಿ ಅಲ್ಲಿನ ಬಲಾಢ್ಯ ಒಕ್ಕೂಟವಾದ ಬ್ಯಾಂಡ್ ಆಫ್ ಬ್ರದರ್ಸ್ ಒಂದೇ ದಿನದಲ್ಲಿ ಇಲ್ಲವಾಯಿತು. ಒಂದು ಗುಂಡೂ ಹಾರಲಿಲ್ಲ. ಒಕ್ಕೂಟದ ನಿರ್ದೇಶಕನೊಬ್ಬ ಶತ್ರುಗಳಾದ ಗೂನ್‌ಸ್ವಾರ್ಮ್ ಕಡೆಗೆ ವಾಲಿದ್ದ. ತನಗಿದ್ದ ಅಧಿಕಾರದಿಂದ ಇಡೀ ಒಕ್ಕೂಟವನ್ನು ವಿಸರ್ಜಿಸಿಬಿಟ್ಟ. ವರ್ಷಗಳ ಕಾಲ ಕಟ್ಟಿದ ಹೆಸರು, ಗೆದ್ದ ನೆಲದ ಮೇಲಿನ ಹಕ್ಕು ಎಲ್ಲ ಹೋಯಿತು. ಆಟಗಾರರು ಕೆರಳಿದರು. ಸಿಸಿಪಿ ಇದನ್ನು ರದ್ದು ಮಾಡಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಮಾನ. ನಿರ್ದೇಶಕನಿಗೆ ವಿಸರ್ಜಿಸುವ ಅಧಿಕಾರವಿದೆ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಮುಚ್ಚಿಟ್ಟದ್ದು ಒಬ್ಬ ಮನುಷ್ಯನ ಮನಸ್ಸನ್ನು, ಅಂದರೆ ನಡೆಯನ್ನು.

ಅದಕ್ಕೆ ಕೆಲವೇ ತಿಂಗಳ ಹಿಂದೆ, 2008ರ ಕೊನೆಯಲ್ಲಿ, ಅದೇ ಲೋಕದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಆಟಗಾರರು ಬಾಹ್ಯಾಕಾಶದಲ್ಲಿ ಕಟ್ಟಿಕೊಳ್ಳುವ ಠಾಣೆಗಳಲ್ಲಿ ರಾಸಾಯನಿಕ ಸ್ಥಾವರಗಳಿರುತ್ತವೆ. ಕಚ್ಚಾವಸ್ತು ಹಾಕಿದರೆ ಬೆಲೆಬಾಳುವ ಪದಾರ್ಥ ಹೊರಬರುತ್ತದೆ. ಒಂದು ಬಗೆಯಲ್ಲಿ ಜೋಡಿಸಿದರೆ ಕಚ್ಚಾವಸ್ತು ಹಾಕದೆಯೇ ಪದಾರ್ಥ ಬರುತ್ತಲೇ ಇರುತ್ತದೆ ಎಂಬುದನ್ನು ಕೆಲವರು ಕಂಡುಕೊಂಡಿದ್ದರು. ಕಂಡುಕೊಂಡವರು ಬಾಯಿಬಿಡಲಿಲ್ಲ. ವರ್ಷಗಳ ಕಾಲ ಹೀಗೆ ನಡೆಯಿತು. ಆ ಪದಾರ್ಥಗಳನ್ನು ಮಾರುಕಟ್ಟೆಗೆ ಬಿಟ್ಟು ಅಪಾರ ಗಳಿಸಿದರು. ಗೊತ್ತಾದಾಗ ಸಿಸಿಪಿ ಸಂದಿಯನ್ನು ಮುಚ್ಚಿತು, ಹಲವು ಖಾತೆಗಳನ್ನು ಶಾಶ್ವತವಾಗಿ ಹೊರಹಾಕಿತು. ಆಮೇಲೆ ಅದೇ ಪದಾರ್ಥಗಳ ಬೆಲೆ ಏರಿತು. ಆ ಏರಿಕೆಯನ್ನು ಸ್ವಲ್ಪ ಯೋಚಿಸಿ ನೋಡಿ. ಅಷ್ಟು ವರ್ಷ ಪ್ರಾಮಾಣಿಕವಾಗಿ ಗಣಿ ತೋಡಿ, ಕಚ್ಚಾವಸ್ತು ಸಾಗಿಸಿ, ದಾರಿಯಲ್ಲಿ ದರೋಡೆಗೆ ಸಿಕ್ಕು, ಮತ್ತೆ ಎದ್ದು ಉತ್ಪಾದನೆ ಮಾಡಿದವನ ದುಡಿಮೆಗೆ ಸಿಗಬೇಕಾದ ಬೆಲೆ ಸಿಕ್ಕಿರಲಿಲ್ಲ. ಯಾಕೆ ಸಿಗುತ್ತಿಲ್ಲ ಎಂದೂ ಅವನಿಗೆ ತಿಳಿದಿರಲಿಲ್ಲ. ಬೇಹುಗಾರ ಬರುತ್ತಾನೆ ಎಂದು ಅವನು ಎಚ್ಚರವಾಗಿರಬಹುದಿತ್ತು, ದರೋಡೆಕೋರನಿಗಾಗಿ ಕಾವಲು ಇಡಬಹುದಿತ್ತು. ಶೂನ್ಯದಿಂದ ಸರಕು ಹುಟ್ಟುತ್ತದೆ ಎಂಬುದಕ್ಕೆ ಎದುರಾಗಿ ಅವನು ಯಾವ ನಡೆ ನಡೆಯಬಹುದಿತ್ತು?

ಇದೇ ಆಟದಲ್ಲಿ ಇನ್ನೊಂದು ಸಣ್ಣ ನಿಯಮವಿದೆ. ನನಗೆ ಅದು ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಸುರಕ್ಷಿತ ಎನಿಸಿಕೊಂಡ ಪ್ರದೇಶದಲ್ಲೂ ನೀವು ಒಬ್ಬ ಬಡ ವ್ಯಾಪಾರಿಯ ಹಡಗನ್ನು ಒಡೆಯಬಹುದು. ಆದರೆ ಕಾಂಕಾರ್ಡ್ ಎಂಬ ಪೊಲೀಸ್ ಪಡೆ ಬಂದು ನಿಮ್ಮ ಹಡಗನ್ನು ಒಡೆದೇ ತೀರುತ್ತದೆ. ಕೊಲ್ಲುವುದಕ್ಕೆ ಅಡ್ಡಿಯಿಲ್ಲ, ತಪ್ಪಿಸಿಕೊಳ್ಳುವುದಕ್ಕೆ ಮಾತ್ರ ಅಡ್ಡಿ. ಕಾಂಕಾರ್ಡ್‌ನಿಂದ ನುಣುಚಿಕೊಳ್ಳುವ ಯಾವ ಉಪಾಯವನ್ನೇ ಆಗಲಿ ಸಿಸಿಪಿ ಸಂದಿಯ ದುರ್ಬಳಕೆ ಎಂದು ಸಾರಿದೆ. ಎಲ್ಲರೂ ಕಟ್ಟುವ ಸುಂಕವನ್ನು ಒಬ್ಬ ಕಟ್ಟದೆ ದಾಟುವುದು ಅನ್ಯಾಯ ಎಂಬ ಸರಳ ಲೆಕ್ಕ ಇದರ ಹಿಂದಿದೆ.

ಇನ್ನು ಡೋಟಾ. 2013ರ ಆಗಸ್ಟ್, ಸಿಯಾಟಲ್, ದಿ ಇಂಟರ್‌ನ್ಯಾಷನಲ್ ಪಂದ್ಯಾವಳಿ. ಉಕ್ರೇನಿನ ನಾವಿ ತಂಡ, ಚೀನಾದ ಟಾಂಗ್‌ಫು ತಂಡ. ನಾವಿ ತಂಡದ ಒಬ್ಬನ ಪಾತ್ರ ಪಜ್. ಸರಪಳಿಯ ಕೊಕ್ಕೆ ಎಸೆದು ಶತ್ರುವನ್ನು ತಾನಿರುವಲ್ಲಿಗೆ ಎಳೆದುಕೊಳ್ಳುವುದು ಅದರ ಶಕ್ತಿ. ಇನ್ನೊಬ್ಬನದು ಚೆನ್, ಸಂಗಡಿಗನನ್ನು ತಮ್ಮ ನೆಲೆಗೆ ಸಾಗಿಸಬಲ್ಲದು. ಕೊಕ್ಕೆ ಗಾಳಿಯಲ್ಲಿ ಇರುವಾಗಲೇ ಪಜ್‌ನನ್ನು ನೆಲೆಗೆ ಸಾಗಿಸಿದರೆ, ಕೊಕ್ಕೆಗೆ ಸಿಕ್ಕ ಶತ್ರು ಇಡೀ ಭೂಪಟ ದಾಟಿ ನೆಲೆಯ ಕಾರಂಜಿಯ ಬುಡಕ್ಕೆ ಬಂದು ಬೀಳುತ್ತಾನೆ. ಆ ಕಾರಂಜಿಯ ಬಳಿ ಶತ್ರುವಿಗೆ ಉಳಿಗಾಲವಿಲ್ಲ. ಸೋಲಿನ ಅಂಚಿನಲ್ಲಿದ್ದ ನಾವಿ ಇದನ್ನು ಮತ್ತೆ ಮತ್ತೆ ಮಾಡಿ ಪಂದ್ಯ ಗೆದ್ದಿತು. ಸಭಾಂಗಣದಲ್ಲಿ ಚಪ್ಪಾಳೆ, ಹೊರಗೆ ವಾಗ್ವಾದ. ಮುಂದೆ ವಾಲ್ವ್ ಸಂಸ್ಥೆ ಆಟವನ್ನು ತಿದ್ದಿ ಈ ದಾರಿಯನ್ನು ಮುಚ್ಚಿತು.

ಇದನ್ನು ಮೋಸ ಎನ್ನಲು ನಾನು ಸಿದ್ಧನಿಲ್ಲ. ಕೊಕ್ಕೆಯ ಈ ಗುಣ ಹಳೆಯ ಆಟಗಾರರಿಗೆ ಪರಿಚಿತವಾಗಿತ್ತು. ಸಾವಿರಾರು ಜನರ ಎದುರು, ಬೆಳಕಿನಲ್ಲಿ, ಕ್ಷಣದ ಒಂದು ಅಂಶದ ನಿಖರತೆಯಿಂದ ಮಾಡಿದ ಕೆಲಸ ಅದು. ಎದುರಾಳಿಗೆ ಆಯ್ಕೆಯ ಹಂತದಲ್ಲೇ ಪಜ್ ಮತ್ತು ಚೆನ್ ಜೊತೆಯಾಗುವುದು ಕಾಣುತ್ತಿತ್ತು. ಆದರೆ ವಾಲ್ವ್ ಅದನ್ನು ಮುಚ್ಚಿದ್ದೂ ಸರಿಯೇ. ಒಂದು ನಡೆ ನ್ಯಾಯವಾಗಿರುವುದಕ್ಕೂ ಆಟಕ್ಕೆ ಒಳ್ಳೆಯದಾಗಿರುವುದಕ್ಕೂ ವ್ಯತ್ಯಾಸವಿದೆ. ಆಟವನ್ನು ಕೆಡಿಸುವ ನಡೆಯನ್ನು ನಾಳೆಗೆ ನಿಷೇಧಿಸಿ, ಆದರೆ ನಿನ್ನೆ ಆಡಿದವನನ್ನು ಕಳ್ಳ ಎನ್ನಬೇಡಿ.

ಇದಕ್ಕೆ ಎದುರಾದ ಚಿತ್ರ ಕೌಂಟರ್ ಸ್ಟ್ರೈಕ್‌ನದು. ಅದು ಗುಂಡು ಹಾರಿಸುವ ಆಟವಾದರೂ ಹೇಳಲೇಬೇಕು. ತರಬೇತುದಾರರ ಕ್ಯಾಮೆರಾ ಭೂಪಟದ ಒಂದು ಜಾಗದಲ್ಲಿ ಸಿಕ್ಕಿಕೊಂಡು ಶತ್ರುಗಳ ಓಡಾಟ ತೋರಿಸುವ ಒಂದು ಬಗ್ ಇತ್ತು. ಸುಮ್ಮನೆ ನೋಡುತ್ತ ಕೂತವರಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಇ-ಸ್ಪೋರ್ಟ್ಸ್ ಸಮಗ್ರತಾ ಆಯೋಗ 37 ತರಬೇತುದಾರರನ್ನು ಅಮಾನತು ಮಾಡಿತು. ಅವರೂ ಏನನ್ನೂ ಹ್ಯಾಕ್ ಮಾಡಿರಲಿಲ್ಲ. ಆದರೆ ಪರದೆಯ ಮೇಲೆ ಕಂಡದ್ದನ್ನು ತೀರ್ಪುಗಾರರಿಗೆ ಒಂದು ಮಾತು ಹೇಳಬಹುದಿತ್ತು.

ಹೊಸತನ್ನು ಕಂಡುಹಿಡಿದವನು ಮೊದಲ ದಿನ ಅದನ್ನು ಗುಟ್ಟಾಗಿಯೇ ಇಟ್ಟುಕೊಂಡಿರುತ್ತಾನಲ್ಲ, ಚದುರಂಗದ ಗ್ರ್ಯಾಂಡ್‌ಮಾಸ್ಟರ್ ತಿಂಗಳುಗಟ್ಟಲೆ ಮನೆಯಲ್ಲಿ ತಯಾರಿಸಿದ ನಡೆಯನ್ನು ಪಂದ್ಯದ ತನಕ ಬಚ್ಚಿಡುತ್ತಾನಲ್ಲ, ಅದೂ ತಪ್ಪೇ ಎಂದು ನೀವು ಕೇಳಬಹುದು. ತಪ್ಪಲ್ಲ. ಅವನು ತರುವುದು ಹೊಸ ನಡೆ. ಕುದುರೆ, ಒಂಟೆ, ಆನೆ ಹೇಗೆ ಚಲಿಸುತ್ತವೆ ಎಂದು ಎದುರಾಳಿಗೆ ಅವನಷ್ಟೇ ಗೊತ್ತು. ಸಂದಿ ಸಿಕ್ಕವನು ತರುವುದು ಕುದುರೆಗೆ ಇದ್ದ, ಯಾರಿಗೂ ಹೇಳದ ಇನ್ನೊಂದು ಚಲನೆಯನ್ನು. ಹಾಗೆ ನೋಡಿದರೆ ಮ್ಯೂಟಲಿಸ್ಕ್‌ಗಳನ್ನು ಮೊಟ್ಟಮೊದಲು ಪೇರಿಸಿ ಆಡಿದವನ ಮೊದಲ ಪಂದ್ಯ ಈ ಗಡಿಯ ಮೇಲೆಯೇ ಇತ್ತು ಎಂದು ನಾನು ಒಪ್ಪುತ್ತೇನೆ. ಅವನನ್ನು ಉಳಿಸಿದ್ದು ಅವನ ಕೌಶಲ ಎದುರಾಳಿಯ ಪರದೆಯ ಮೇಲೆ ಆ ಕ್ಷಣವೇ ಕಂಡಿತೆಂಬುದು. ಮರುದಿನದಿಂದ ಯಾರು ಬೇಕಾದರೂ ಕಲಿಯಬಹುದಿತ್ತು.

ಸಂದಿ ಹುಡುಕುವ ಕಥೆಗಳಲ್ಲೆಲ್ಲ ನನಗೆ ತುಂಬ ಪ್ರಿಯವಾದದ್ದು ಇಂಟರ್ನೆಟ್ ಮನೆಮನೆಗೆ ಬರುವುದಕ್ಕಿಂತ ಮೊದಲಿನದು. 1981ರ ಜುಲೈ, ಕ್ಯಾಲಿಫೋರ್ನಿಯಾ. ಟ್ರಾವೆಲರ್ ಎಂಬ ಆಟದ ಬಾಹ್ಯಾಕಾಶ ನೌಕಾಯುದ್ಧ ಪಂದ್ಯಾವಳಿ. ಒಂದು ಲಕ್ಷ ಕೋಟಿಯ ಕಾಲ್ಪನಿಕ ಹಣದಲ್ಲಿ ನೌಕಾಪಡೆ ಕಟ್ಟಿ ತರಬೇಕು. ಸ್ಟ್ಯಾನ್‌ಫರ್ಡಿನ ಡಗ್ಲಸ್ ಲೆನಟ್ ಆ ಆಟವನ್ನು ಅಲ್ಲಿಯವರೆಗೆ ಆಡಿರಲೇ ಇಲ್ಲ. ತಾನು ಬರೆದ ಯೂರಿಸ್ಕೊ ಎಂಬ ಪ್ರೋಗ್ರಾಮಿಗೆ ದಪ್ಪ ನಿಯಮಪುಸ್ತಕವನ್ನು ಕೊಟ್ಟು, ಅದು ಸೂಚಿಸಿದ ಪಡೆಯನ್ನು ತೆಗೆದುಕೊಂಡು ಹೋದ. ಉಳಿದವರು ಚುರುಕಾದ ದೊಡ್ಡ ಹಡಗುಗಳನ್ನು ತಂದಿದ್ದರು. ಇವನದು 96 ಹಡಗುಗಳ ಪಡೆ. ಬಹುಪಾಲು ಜಾಗ ಬಿಟ್ಟು ಕದಲದ, ದಪ್ಪ ಕವಚದ, ಸಣ್ಣ ಆಯುಧಗಳ ಹಡಗುಗಳು. ಅದೇ ಗೆದ್ದಿತು. ಮರುವರ್ಷ ಸಂಘಟಕರು ನಿಯಮ ಬದಲಿಸಿದರು, ಪಡೆಯ ಚುರುಕುತನಕ್ಕೂ ಲೆಕ್ಕ ಇಟ್ಟರು. ಯೂರಿಸ್ಕೊ ಅದರಲ್ಲೂ ದಾರಿ ಕಂಡಿತು: ಏಟು ತಿಂದು ನಿಧಾನವಾದ ತನ್ನ ಹಡಗುಗಳನ್ನು ತಾನೇ ನಾಶಮಾಡಿಬಿಟ್ಟರೆ ಉಳಿದ ಪಡೆಯ ಚುರುಕುತನ ಕುಗ್ಗುವುದಿಲ್ಲ. ಮತ್ತೆ ಗೆದ್ದಿತು. ಮೂರನೇ ಸಲವೂ ನೀವು ಬಂದು ಗೆದ್ದರೆ ಪಂದ್ಯಾವಳಿಯನ್ನೇ ನಿಲ್ಲಿಸುತ್ತೇವೆ ಎಂದರು ಸಂಘಟಕರು. ಲೆನಟ್ ಗೌರವದ ಬಿರುದು ಪಡೆದು ಹಿಂದೆ ಸರಿದ.

ಅವನು ಏನನ್ನೂ ಬಚ್ಚಿಡಲಿಲ್ಲ. ನಿಯಮಪುಸ್ತಕ ಎಲ್ಲರ ಕೈಯಲ್ಲಿತ್ತು, ಅವನ ಪಡೆ ಎಲ್ಲರ ಕಣ್ಣಮುಂದಿತ್ತು. ಓದಿದ್ದು ಒಬ್ಬ ಮಾತ್ರ. ಆದ್ದರಿಂದ ಅವನ ಎರಡೂ ಗೆಲುವುಗಳನ್ನು ನಾನು ನ್ಯಾಯವೆಂದೇ ಎಣಿಸುತ್ತೇನೆ. ಹಿಂದೆ ಸರಿದದ್ದು ನ್ಯಾಯಕ್ಕಿಂತ ದೊಡ್ಡದು. ಆಟ ಉಳಿಯಲಿ ಎಂಬ ಪ್ರೀತಿ. ಇವತ್ತು ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆಯ ಮೇಲೆ ಕೆಲಸ ಮಾಡುವ ಯುವಕ ಯುವತಿಯರು ಈ ಸಭೆಯಲ್ಲೂ ಇರಬಹುದು. ಅಂಕವನ್ನೇ ಗುರಿಯಾಗಿ ಕೊಟ್ಟರೆ ಯಂತ್ರ ಯಾವ ಸಂದಿಯಲ್ಲಾದರೂ ನುಸುಳುತ್ತದೆ ಎಂಬುದನ್ನು ಅವರು ದಿನವೂ ನೋಡುತ್ತಾರೆ. 2016ರಲ್ಲಿ ಓಪನ್‌ಎಐ ತೋರಿಸಿದ ಒಂದು ದೋಣಿ ಪಂದ್ಯದಲ್ಲಿ ಯಂತ್ರ ಗುರಿ ಮುಟ್ಟುವುದನ್ನೇ ಬಿಟ್ಟು, ಒಂದೇ ಕಡೆ ಸುತ್ತು ಹೊಡೆಯುತ್ತ ಅಂಕ ಗುಡ್ಡೆ ಹಾಕುತ್ತಿತ್ತು. ಅದನ್ನು ಮೋಸಗಾರ ಎನ್ನುವುದಕ್ಕಾಗದು, ಏಕೆಂದರೆ ಅದು ಯಾರೊಡನೆಯೂ ಆಡಲು ಒಪ್ಪಿಕೊಂಡಿರಲಿಲ್ಲ. ನಾವು ಒಪ್ಪಿಕೊಂಡಿರುತ್ತೇವೆ.

ಸಂದಿ ಬಿಟ್ಟವರ ಹೊಣೆಯನ್ನೂ ಹೇಳದಿದ್ದರೆ ಈ ಮಾತು ಆಟಗಾರರ ಮೇಲೆ ಮಾತ್ರ ಬೀಳುತ್ತದೆ. 1994ರಲ್ಲಿ ಕೆರಿಬಿಯನ್ ಕಪ್ ಫುಟ್‌ಬಾಲ್‌ನ ಸಂಘಟಕರು ಹೆಚ್ಚುವರಿ ಸಮಯದ ಗೋಲಿಗೆ ಎರಡರ ಬೆಲೆ ಕೊಟ್ಟಿದ್ದರು. ಮುಂದಿನ ಸುತ್ತಿಗೆ ಹೋಗಲು ಎರಡು ಗೋಲುಗಳ ಅಂತರ ಬೇಕಿದ್ದ ಬಾರ್ಬಡೋಸ್, ಪಂದ್ಯ ಮುಗಿಯುವ ಹೊತ್ತಿಗೆ ತನ್ನ ಬಲೆಗೆ ತಾನೇ ಚೆಂಡು ಹಾಕಿ ಸಮ ಮಾಡಿಕೊಂಡಿತು. ಅರ್ಥ ಮಾಡಿಕೊಂಡ ಗ್ರೆನಡಾ ಯಾವ ಬಲೆಗಾದರೂ ಸರಿ ಗೋಲು ಹೊಡೆಯಲು ಓಡಿತು. ಬಾರ್ಬಡೋಸ್ ಆಟಗಾರರು ಎರಡೂ ಬಲೆಗಳನ್ನು ಕಾದರು, ಹೆಚ್ಚುವರಿ ಸಮಯದಲ್ಲಿ ಗೆದ್ದರು. ಅಲ್ಲಿ ಇಬ್ಬರಿಗೂ ನಿಯಮ ಗೊತ್ತಿತ್ತು, ಇಬ್ಬರೂ ಆಡಿದರು. ತಪ್ಪು ಕಾಗದದ ಮೇಲೆ ನಿಯಮ ಬರೆದವರದು. ಈವ್‌ನಲ್ಲಿಯೂ ಒಮ್ಮೆ ಸಂಸ್ಥೆಯ ಉದ್ಯೋಗಿಯೊಬ್ಬ ತಾನು ಆಡುತ್ತಿದ್ದ ಬಳಗಕ್ಕೆ ಬೆಲೆಬಾಳುವ ನಕ್ಷೆಗಳನ್ನು ಸಲ್ಲದ ದಾರಿಯಲ್ಲಿ ಒದಗಿಸಿದ್ದು 2007ರಲ್ಲಿ ಬಯಲಾಯಿತು. ಮರುವರ್ಷ ಆಟಗಾರರೇ ಮತ ಹಾಕಿ ಆರಿಸುವ ಒಂದು ಮಂಡಳಿ ರೂಪುಗೊಂಡಿತು. ನಿಯಮ ಮಾಡುವವರ ಮೇಲೂ ಆಡುವವರ ಕಣ್ಣಿರಬೇಕು.

ಚಾಪೆ ಕೆಳಗೆ ತೂರಿದವನನ್ನು ಮೀರಿಸಲು ರಂಗೋಲಿ ಕೆಳಗೆ ತೂರುವವರು ಯಾವಾಗಲೂ ಇರುತ್ತಾರೆ. ಕಾಯ್ದೆ ಎಷ್ಟು ಬಿಗಿ ಮಾಡಿದರೂ ಸಂದಿ ಇರುತ್ತದೆ. ಆದ್ದರಿಂದ ನನ್ನ ಕೋರಿಕೆ ಸಣ್ಣದು, ಈ ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ. ನಿಮ್ಮ ಕಾಲೇಜಿನ ಉತ್ಸವಗಳಲ್ಲಿ ಇ-ಸ್ಪೋರ್ಟ್ಸ್ ಪಂದ್ಯಗಳನ್ನು ನಡೆಸುತ್ತೀರಿ. ನಿಯಮಪತ್ರದಲ್ಲಿ “ಎಲ್ಲ ಗ್ಲಿಚ್‌ಗಳೂ ನಿಷಿದ್ಧ” ಎಂದು ಒಂದು ಸಾಲು ಬರೆದು ಮುಗಿಸುತ್ತೀರಿ. ಯಾವುದು ಗ್ಲಿಚ್, ಯಾವುದು ವಿದ್ಯೆ ಎಂದು ಅದು ಹೇಳುವುದಿಲ್ಲ. ಅದರ ಬದಲು ಪಂದ್ಯಕ್ಕೆ ಒಂದು ವಾರ ಮೊದಲು ಆಟಗಾರರನ್ನು ಕರೆಯಿರಿ. ಗೊತ್ತಿರುವ ಸಂದಿಗಳನ್ನೆಲ್ಲ ಹೇಳಲು ಕೇಳಿ. ಇದಕ್ಕೆ ಅವಕಾಶವಿದೆ, ಇದಕ್ಕೆ ಇಲ್ಲ ಎಂದು ಒಂದೊಂದನ್ನೂ ತೀರ್ಮಾನಿಸಿ ಗೋಡೆಗೆ ಅಂಟಿಸಿ. ಪಂದ್ಯದ ನಡುವೆ ಹೊಸದೊಂದು ಸಿಕ್ಕರೆ ಆಟ ನಿಲ್ಲಿಸಿ ತೀರ್ಪುಗಾರರಿಗೆ ಹೇಳುವ ಹಕ್ಕು ಇಬ್ಬರಿಗೂ ಇರಲಿ. ಹೇಳಿದವನಿಗೆ ಶಿಕ್ಷೆಯಿಲ್ಲ ಎಂಬುದೂ ಅಲ್ಲೇ ಬರೆದಿರಲಿ, ಮತ್ತು ಹೇಳಿದವನ ಹೆಸರನ್ನು ಬಹುಮಾನ ವಿತರಣೆಯ ದಿನ ಗೆದ್ದವರ ಹೆಸರಿನ ಜೊತೆಗೇ ಓದಿ.